ನಿಮಗ್ಯಾಕೆ ಇದೆಲ್ಲ ಅಂತ ಕೇಳುವವರಿಗೆ

"ವಾರಕ್ಕೊಂದು ರಜೆ ಸಿಗುತ್ತೆ, ಅದನ್ನೂ ಆಸ್ಪತ್ರೆ ಬಾಗಿಲಲ್ಲಿ ಕಳೀತೀರಲ್ಲ, ಪುಣ್ಯಕ್ಕಾ?" ಮುಂಬೈಯ ಮಾಟುಂಗದ ಹೋಟೆಲಿನಲ್ಲಿ, ಸಂಘದ ಕಾರ್ಯಕ್ರಮದಲ್ಲಿ, ಲೋಕಲ್ ರೈಲಿನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಕನ್ನಡದವರ ಜೊತೆ ನಿಂತು ಹಿಂದಿ, ಮರಾಠಿ ಬಿಡಿಸಿ ಹೇಳುವುದು ನಾವು ಕೆಲವರು ಮಾಡುವ ಕೆಲಸ.

ಪುಣ್ಯಕ್ಕಲ್ಲ. ಮರುಕ ಅಂತಲೂ ಹೇಳಲಾರೆ. ಒಬ್ಬ ಹುಡುಗನನ್ನು ನೋಡಿದೆ, ಅಷ್ಟೇ.

ಕುಂದಾಪುರ ಕಡೆಯವನು, ಹೋಟೆಲ್ ಮಾಣಿ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಸಿಗುವ ಬಿಡುವಿನಲ್ಲಿ ಮಲಗುವುದು ಬಿಟ್ಟು ಆಸ್ಪತ್ರೆ ಎದುರಿನ ಫುಟ್‌ಪಾತಿಗೆ ಬರುತ್ತಿದ್ದ. ಅವತ್ತು ರಾಯಚೂರಿನ ಒಬ್ಬ ತಾಯಿಯ ಫೈಲು ಬಿಚ್ಚಿ, ಚೀಟಿಯ ಮೇಲೆ ಬೆರಳಿಟ್ಟು, "ಅಮ್ಮಾ, ನಾಳೆ ಬೆಳಿಗ್ಗೆ ಏನೂ ತಿನ್ಬೇಡಿ, ರಕ್ತ ತೆಗೀತಾರೆ" ಅಂದ. ಆಕೆ ತಲೆಯಾಡಿಸಿದರು. ಅವನಿಗೆ ಸಮಾಧಾನವಾಗಲಿಲ್ಲ, ಆಕೆಯ ಬಾಯಿಂದಲೇ ಇನ್ನೊಮ್ಮೆ ಹೇಳಿಸಿದ. ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಡಲು ಹೋದರು. "ಅದ್ರಲ್ಲಿ ನೀವು ಚಾ ಕುಡೀರಿ" ಎಂದು ಎದ್ದು ಹೊರಟ. ನನ್ನ ಎದೆ ಬೆಚ್ಚಗಾಯಿತು, ಕಣ್ಣು ತುಂಬಿತು. ನಾನೂ ಏನಾದರೂ ಮಾಡಬೇಕು ಅನ್ನಿಸಿತು.

ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 2000ದಲ್ಲಿ ಈ ಭಾವದ ಬಗ್ಗೆಯೇ ಬರೆದರು. ಬೇರೆಯವರ ಒಳ್ಳೆಯತನ ಕಂಡಾಗ ಮನಸ್ಸು ಹೀಗೆ ಮೇಲೇಳುವುದನ್ನು ಅವರು ಎಲಿವೇಷನ್ ಎನ್ನುತ್ತಾರೆ. ಕೃತಜ್ಞತೆಯಿದ್ದರೆ ನಮಗೆ ಉಪಕಾರ ಮಾಡಿದವರಿಗೆ ತಿರುಗಿ ಏನಾದರೂ ಮಾಡಬೇಕು ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ಆ ಹುಡುಗ ನನಗೇನೂ ಮಾಡಿರಲಿಲ್ಲ. ಆದರೂ ಮನಸ್ಸು ಗುರುತಿಲ್ಲದವರ ಕಡೆ ಹರಿಯಿತು. 2010ರಲ್ಲಿ ಸಿಮೋನ್ ಶ್ನಾಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಕೆಲವರಿಗೆ ಮನ ಕರಗಿಸುವ ಒಳ್ಳೆಯತನದ ವಿಡಿಯೋ, ಕೆಲವರಿಗೆ ಹಾಸ್ಯ, ಉಳಿದವರಿಗೆ ಪ್ರಕೃತಿಯ ಚಿತ್ರ ತೋರಿಸಿದರು. ಆಮೇಲೆ ಒಂದು ಬೇಸರದ ಕೆಲಸದಲ್ಲಿ ಸಹಾಯ ಕೇಳಿದರು, ಬೇಕೆಂದಾಗ ಎದ್ದು ಹೋಗಬಹುದು ಅಂತಲೂ ಹೇಳಿದರು. ಒಳ್ಳೆಯತನ ನೋಡಿದವರು ಉಳಿದವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಕೂತರು. ನಕ್ಕವರು ಅಷ್ಟು ಹೊತ್ತು ಕೂರಲಿಲ್ಲ. ಅಂದರೆ ಬರೀ ಖುಷಿ ಸಾಲದು, ಅಲ್ವಾ?

ನನ್ನನ್ನು ಎಬ್ಬಿಸಿದ್ದು ಮರುಕವಲ್ಲ, ಆ ಹುಡುಗನ ಒಳ್ಳೆಯತನ. ಅದಕ್ಕೇ ರೋಗಿಗಳ ಅಳುವ ಮುಖದ ಫೋಟೋ ವಾಟ್ಸಾಪಿನಲ್ಲಿ ಹಾಕಿ ಈ ಕೆಲಸಕ್ಕೆ ಜನ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಅದು ಆ ರೋಗಿಗಳಿಗೂ ಮರ್ಯಾದೆಯಲ್ಲ. ಸುಮ್ನೆ ಒಂದು ಮಧ್ಯಾಹ್ನ ಬಂದು ನಿಂತು ನೋಡಿ ಅನ್ನುತ್ತೇನೆ.

ಆದರೆ ಈ ಬಿಸಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಮನೆ ಮುಟ್ಟುವಷ್ಟರಲ್ಲಿ ಆರಿಹೋಗಬಹುದು. ಹಾಗಾಗಿ ಯಾರ ಕಣ್ಣಾದರೂ ತುಂಬಿದ್ದು ಕಂಡರೆ ಆಗಲೇ ಕೈಗೊಂದು ಕೆಲಸ ಕೊಡುತ್ತೇವೆ. ಕನ್ನಡ, ಹಿಂದಿ ಎರಡೂ ಬಂದರೆ ಸಾಕು, ಚೀಟಿ ಓದುವುದನ್ನು ಅಲ್ಲೇ ಕಲಿಸುತ್ತೇವೆ. ಔಷಧಿಯ ವಿಷಯದಲ್ಲಿ ಮಾತ್ರ ಸ್ವಂತ ಸಲಹೆ ಬೇಡ, ಅದನ್ನು ಡಾಕ್ಟರನ್ನೇ ಕೇಳಬೇಕು.