ಕಾರು ಓಡಿಸಲು ಬರುವವರಿಗೆ ಬೈಕ್ ಕಲಿಸುವಾಗ

"ಎಷ್ಟೋ ವರ್ಷದಿಂದ ಕಾರು ಓಡಿಸ್ತಿದ್ದೀನಿ. ರೋಡು ಗೊತ್ತು, ರೂಲ್ಸ್ ಗೊತ್ತು. ಬ್ಯಾಲೆನ್ಸ್ ಒಂದು ಬಂದ್ರೆ ಮುಗೀತು ಅಲ್ವಾ?"

ಈ ಮಾತನ್ನು ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ಈಚೆಗೆ ಕೇಳಿದ್ದು ನಮ್ಮ ಭಾವನ ಬಾಯಲ್ಲಿ. ಅವರಿಗೆ ಬೈಕ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಬೈಕ್ ಮೊದಲು ಕಲಿತು ಆಮೇಲೆ ಕಾರು ಕಲಿತವಳು. ಅವರದು ತಿರುಗಾಮುರುಗಾ. ಸೈಕಲ್ ಚೆನ್ನಾಗಿ ತುಳಿಯುತ್ತಾರೆ, ಹಾಗಾಗಿ ಬ್ಯಾಲೆನ್ಸ್ ಬೇಗ ಬಂತು. ಕಷ್ಟ ಶುರುವಾಗಿದ್ದೇ ಅದಾದ ಮೇಲೆ.

ಕಾರಿನ ಅನುಭವ ಇದ್ದವರಿಗೆ ಬೈಕ್ ಸ್ವಲ್ಪ ಕಲಿಸಿದರೂ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಬೇರೆಯೇ ರೀತಿ ಕಲಿಸಬೇಕು. ಕಾರು ಓಡಿಸಿ ಕಣ್ಣು ಕಲಿತದ್ದೆಲ್ಲ ಬೈಕಿನಲ್ಲಿ ಉಪಯೋಗಕ್ಕೆ ಬರುತ್ತದೆ. ಕೈಕಾಲು ಕಲಿತದ್ದು ಮಾತ್ರ ಬಹಳ ಕಡೆ ಅಡ್ಡ ಬರುತ್ತದೆ.

ಮೊದಲು ಕಾಲಿನ ವಿಷಯ. ಖಾಲಿ ಮೈದಾನದಲ್ಲಿ ಭಾವ ಎರಡನೇ ಗೇರಿನಲ್ಲಿ ಆರಾಮಾಗಿ ಬರುತ್ತಿದ್ದರು. ನಾನು ಕೈ ಎತ್ತಿದರೆ ತಕ್ಷಣ ನಿಲ್ಲಿಸಬೇಕು ಅಂತ ಮೊದಲೇ ಮಾತಾಗಿತ್ತು. ಕೈ ಎತ್ತಿದೆ. ಅವರ ಬಲಗಾಲು ಧಡಕ್ಕನೆ ಕೆಳಗಿಳಿಯಿತು. ಹಿಂದಿನ ಚಕ್ರ ಲಾಕ್ ಆಗಿ ಸಿಮೆಂಟ್ ಮೇಲೆ ಕಪ್ಪು ಗೆರೆ ಎಳೆಯಿತು, ಬೈಕಿನ ಹಿಂಭಾಗ ಒಂದು ಪಕ್ಕಕ್ಕೆ ವಾಲಿತು. ಅದೇ ಕ್ಷಣಕ್ಕೆ ಎಡಗಾಲು ಕೂಡ ಕೆಳಗೆ ಒತ್ತಿತು, ಗೇರು ಒಂದನೆಯದಕ್ಕೆ ಬಿತ್ತು. ಬಲಗೈಯ ಬೆರಳುಗಳು ಮುಂದಿನ ಬ್ರೇಕಿನ ಹತ್ತಿರಕ್ಕೂ ಹೋಗಲಿಲ್ಲ. ಆಕ್ಸಿಲರೇಟರ್ ಹಿಡಿಯನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದವು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಕಾರಿನಲ್ಲಿ ಬಲಗಾಲು ಬ್ರೇಕು, ಎಡಗಾಲು ಕ್ಲಚ್ಚು. ಗಾಬರಿಯಾದಾಗ ಎರಡೂ ಕಾಲು ಕೆಳಗೆ ಹೋಗಬೇಕು ಅಂತ ಅವರ ಮೈ ವರ್ಷಾನುಗಟ್ಟಲೆ ಕಲಿತಿದೆ, ಚೆನ್ನಾಗಿಯೇ ಕಲಿತಿದೆ. ಬೈಕಿನಲ್ಲಿ ಬಲಗಾಲಿಗೆ ಸಿಗುವುದು ಹಿಂದಿನ ಬ್ರೇಕು ಮಾತ್ರ. ಎಡಗಾಲಿಗೆ ಗೇರು. ಕ್ಲಚ್ಚು ಎಡಗೈಯಲ್ಲಿ, ನಿಜವಾಗಿ ಗಾಡಿ ನಿಲ್ಲಿಸುವ ಮುಂದಿನ ಬ್ರೇಕು ಬಲಗೈಯಲ್ಲಿ.

"ನಿಜವಾಗಿ" ಅಂದಿದ್ದಕ್ಕೆ ಕಾರಣ ಇದೆ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರ ಮುಂದಕ್ಕೆ ಸರಿಯುತ್ತದೆ. ಮುಂದಿನ ಟೈರು ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಎಷ್ಟು ಜೋರಾಗಿ ಬ್ರೇಕ್ ಹಾಕಿದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಇದೇ ಕಾರಿನಲ್ಲೂ ನಡೆಯುತ್ತದೆ. ಆದರೆ ಅಲ್ಲಿ ಒಂದೇ ಪೆಡಲು ನಾಲ್ಕೂ ಚಕ್ರಕ್ಕೆ ಹಂಚಿಕೊಡುತ್ತದೆ, ಓಡಿಸುವವರು ಯೋಚಿಸಬೇಕಾಗಿಲ್ಲ. ಹೆಚ್ಚಿನ ಬೈಕುಗಳಲ್ಲಿ ಆ ಹಂಚುವ ಕೆಲಸ ನಮ್ಮದೇ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಅನ್ನುವ ಭಯ ಎಲ್ಲರಿಗೂ ಇದೆ. ಒಮ್ಮೆಲೇ ಕಿತ್ತು ಹಿಡಿದರೆ ಅಪಾಯ ಹೌದು. ಭಾರ ಮುಂದಕ್ಕೆ ಬರುವ ಮೊದಲೇ ಚಕ್ರ ಲಾಕ್ ಆಗಿಬಿಡುತ್ತದೆ. ಮೊದಲು ಮೆಲ್ಲಗೆ ಹಿಡಿದು, ಮುಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿದ್ದು ಕೈಗೆ ಗೊತ್ತಾದ ಮೇಲೆ ಗಟ್ಟಿಯಾಗಿ ಹಿಂಡುತ್ತಾ ಹೋಗಬೇಕು. ಎಬಿಎಸ್ ಇರುವ ಬೈಕು ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ನಿಜ. ಆದರೆ ಹಿಡಿಯದೇ ಇರುವ ಬ್ರೇಕಿಗೆ ಎಬಿಎಸ್ ಏನು ಮಾಡೀತು? ಬೆರಳು ತಾನಾಗಿ ಲಿವರಿಗೆ ಹೋಗುವ ತನಕ ಇದನ್ನೇ ಮತ್ತೆ ಮತ್ತೆ ಮಾಡಿಸಬೇಕು. ಭಾವನಿಗೆ ಈಗಲೂ ಮಾಡಿಸುತ್ತಿದ್ದೇನೆ.

1981ರಲ್ಲಿ ಅಮೆರಿಕದಲ್ಲಿ ಸಂಶೋಧಕ ಹ್ಯಾರಿ ಹರ್ಟ್ ಮತ್ತು ಸಂಗಡಿಗರ ವರದಿ ಹೊರಬಂತು. ಲಾಸ್ ಏಂಜಲಿಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಅವರು ಜಾಗಕ್ಕೇ ಹೋಗಿ ನೋಡಿದ್ದರು. ಅವರು ಕಂಡದ್ದೂ ಇದೇ. ಕೊನೇ ಗಳಿಗೆಯಲ್ಲಿ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಸ್ಕಿಡ್ ಮಾಡುತ್ತಾರೆ, ಮುಂದಿನ ಬ್ರೇಕನ್ನು ಬೇಕಾದಷ್ಟು ಹಿಡಿಯುವುದೇ ಇಲ್ಲ. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ 92% ಜನ ಸ್ವಂತವಾಗಿ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಮನೆಯವರಿಗೆ ಕಲಿಸುತ್ತಿರುವ ನನಗೆ ಈ ಅಂಕಿ ಚುಚ್ಚುತ್ತದೆ. ಅದಕ್ಕೇ ಭಾವನನ್ನು ಒಂದು ಸರಿಯಾದ ತರಬೇತಿಗೆ ಸೇರಿಸಲೇಬೇಕು ಅಂತ ಹಟ ಹಿಡಿದಿದ್ದೇನೆ.

ಇನ್ನು ಕ್ಲಚ್. ಕಾರು ಕಲಿಸುವವರೆಲ್ಲ ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ಚನ್ನು ಅರ್ಧ ಮಾತ್ರ ಬಿಟ್ಟು, ಓಡಿಸಬೇಡಿ, ಪ್ಲೇಟ್ ಸುಟ್ಟುಹೋಗುತ್ತದೆ ಅನ್ನುತ್ತಾರೆ. ಕಾರಿನ ಮಟ್ಟಿಗೆ ಅದು ಸರಿ. ಅಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಒಣ ಪ್ಲೇಟು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚಿಗೆ ಹಲವು ಪ್ಲೇಟುಗಳಿರುತ್ತವೆ, ಅವು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ನಿಧಾನವಾಗಿ ಹೋಗುವಾಗ ಸ್ವಲ್ಪ ಹೊತ್ತು ಹಾಫ್ ಕ್ಲಚ್ಚಿನಲ್ಲಿದ್ದರೆ ತೊಂದರೆಯಿಲ್ಲ. ತೊಂದರೆ ಇಲ್ಲ ಅನ್ನುವುದಕ್ಕಿಂತ, ಯು-ಟರ್ನ್ ಮಾಡೋಕೆ ಅದೇ ದಾರಿ. ಎಂಜಿನ್ ಒಂದೇ ಹದದಲ್ಲಿ, ಎಡಗೈಯಲ್ಲಿ ಹಾಫ್ ಕ್ಲಚ್, ಬಲಗಾಲಿನಲ್ಲಿ ಹಿಂದಿನ ಬ್ರೇಕ್ ಸ್ವಲ್ಪ. ಕಾರಿನವರು ಕ್ಲಚ್ಚನ್ನು ಪೂರ್ತಿ ಬಿಡುತ್ತಾರೆ, ಇಲ್ಲವೇ ಪೂರ್ತಿ ಹಿಡಿಯುತ್ತಾರೆ. ಗಾಡಿ ಜಗ್ಗಾಡುತ್ತದೆ, ಕಾಲು ನೆಲಕ್ಕೆ ಬರುತ್ತದೆ.

ಚಿಕ್ಕದಾಗಿ ಕಾಣುವ, ಆದರೆ ನನ್ನನ್ನು ತುಂಬಾ ಕಾಡುವ ಒಂದು ವಿಷಯ ಇಂಡಿಕೇಟರ್. ಕಾರಿನಲ್ಲಿ ತಿರುವು ಮುಗಿದು ಸ್ಟೀರಿಂಗ್ ನೇರವಾದರೆ ಇಂಡಿಕೇಟರ್ ತಾನೇ ಆಫ್ ಆಗುತ್ತದೆ. ಬಹುಪಾಲು ಬೈಕುಗಳಲ್ಲಿ ಆಗುವುದಿಲ್ಲ. ಭಾವ ಎಡಕ್ಕೆ ತಿರುಗಿ, ಇಂಡಿಕೇಟರ್ ಮಿನುಗುತ್ತಿದ್ದ ಹಾಗೇ ಮುಂದೆ ಹೊರಟರು. ಮುಂದಿನ ಎಡ ಅಡ್ಡರಸ್ತೆಯ ಬಾಯಲ್ಲಿ ಒಂದು ಕಾರು ಕಾದಿತ್ತು ಅಂದುಕೊಳ್ಳಿ. ಅದರಲ್ಲಿ ಕೂತವರಿಗೆ ಕಾಣುವುದು ಏನು? ಈ ಬೈಕು ನಮ್ಮ ರಸ್ತೆಗೇ ತಿರುಗುತ್ತಿದೆ, ನಾವು ಹೊರಗೆ ಬರಬಹುದು ಅಂತ. ಅವರು ನಿಯಮ ಮುರಿದ ಹಾಗೂ ಆಗಲಿಲ್ಲ, ನಾವು ಹೇಳಿದ್ದನ್ನು ನಂಬಿದರು ಅಷ್ಟೇ. ಹಾಗಾಗಿ ಪ್ರತಿ ತಿರುವಿನ ಕೊನೆಗೂ ಹೆಬ್ಬೆರಳು ಒಂದು ಸಲ ಆ ಗುಂಡಿ ಒತ್ತಲೇಬೇಕು. ಆನ್ ಇದೆಯೋ ಇಲ್ಲವೋ ಅಂತ ನೋಡುತ್ತಾ ಕೂರುವುದೂ ಬೇಡ, ಸುಮ್ನೆ ಒತ್ತಿ.

ಬ್ರೇಕ್ ಲೈಟಿನದೂ ಇಂಥದ್ದೇ ಕಥೆ. ಬೈಕಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಚೆನ್ನಾಗಿ ಹಿಡಿದೆಳೆಯುತ್ತದೆ. ವೇಗ ಇಳಿಯುತ್ತದೆ, ಹಿಂದೆ ಕೆಂಪು ದೀಪ ಮಾತ್ರ ಹೊತ್ತುವುದಿಲ್ಲ. ಹಿಂದೆ ಬರುವವರಿಗೆ ಗೊತ್ತಾಗಲಿ ಅಂತ ಬ್ರೇಕನ್ನು ಒಂದು ಚೂರು ಮುಟ್ಟುವ ರೂಢಿ ಮಾಡಿಕೊಳ್ಳಬೇಕು.

ಈಗ ನಿಯಮಗಳಿಗೆ ಬರೋಣ. ಪುಸ್ತಕ ಒಂದೇ, ಸಿಗ್ನಲ್ ಒಂದೇ, ಬೋರ್ಡುಗಳೂ ಅವೇ. ಆದರೆ ನಿಯಮ ನಮ್ಮ ಕಡೆ ಇದೆ ಅನ್ನುವುದಕ್ಕೆ ಕಾರಿನಲ್ಲಿ ಇರುವ ಬೆಲೆ ಬೈಕಿನಲ್ಲಿ ಇಲ್ಲ. ನನಗೆ ದಾರಿಯ ಹಕ್ಕು ಇದೆ, ಎದುರಿನವನು ನಿಲ್ಲಬೇಕು ಅಂದುಕೊಂಡು ಕಾರಿನಲ್ಲಿ ಹೋದರೆ, ಎಡವಟ್ಟಾದರೂ ಸುತ್ತ ತಗಡು, ಬೆಲ್ಟು, ಏರ್‌ಬ್ಯಾಗ್ ಇರುತ್ತವೆ. ಬೈಕಿನಲ್ಲಿ ಹೆಲ್ಮೆಟ್ಟು, ಜಾಕೆಟ್ಟು ಅಷ್ಟೇ. ಹರ್ಟ್ ವರದಿಯಲ್ಲಿ, ಬೇರೆ ವಾಹನ ಸೇರಿಕೊಂಡ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡರಷ್ಟರಲ್ಲಿ ದಾರಿ ಬಿಡಬೇಕಾಗಿದ್ದದ್ದು ಆ ಬೇರೆ ವಾಹನದವರು. ನಿಯಮ ಸವಾರನ ಪರವಾಗಿಯೇ ಇತ್ತು. ಅವರಿಗೆ ಬೈಕು ಕಂಡೇ ಇರಲಿಲ್ಲ, ಅಥವಾ ಕಾಣುವ ಹೊತ್ತಿಗೆ ತಡವಾಗಿತ್ತು.

ಯಾಕೆ ಕಾಣುವುದಿಲ್ಲ ಅನ್ನುವುದು ಕಾರಿನವರಿಗೆ ಗೊತ್ತಿರಬೇಕಾದ ವಿಷಯ. ಮುಂದಿನ ಗಾಜಿನ ಅಕ್ಕಪಕ್ಕ ಇರುವ ಕಂಬದ ಹಿಂದೆ ಇಡೀ ಬೈಕೇ ಮರೆಯಾಗುತ್ತದೆ. ಎರಡೂ ವಾಹನ ಒಂದೇ ಜಾಗಕ್ಕೆ ವೇಗ ಬದಲಿಸದೆ ಬರುತ್ತಿದ್ದರೆ ಅದು ಆ ಮರೆಯಲ್ಲೇ ಉಳಿದುಬಿಡಬಹುದು. ತಲೆಯನ್ನು ಅತ್ತಿತ್ತ ಸರಕ್ಕನೆ ತಿರುಗಿಸಿದಾಗ ಕಣ್ಣು ಹಾರುವ ಆ ಗಳಿಗೆಯಲ್ಲಿ ಮೆದುಳು ಚಿತ್ರವನ್ನು ಸರಿಯಾಗಿ ತೆಗೆದುಕೊಳ್ಳುವುದೇ ಇಲ್ಲ. ನೋಡಿದೆ, ಯಾರೂ ಇರಲಿಲ್ಲ ಅಂತ ಚಾಲಕರು ಹೇಳುವಾಗ ಎಷ್ಟೋ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಜೊತೆಗೆ ಎದುರಿನಿಂದ ಬರುವ ಬೈಕು ಸಣ್ಣದು. ಸಣ್ಣದಾಗಿ ಕಾಣುವುದು ದೂರ ಇದೆ, ನಿಧಾನ ಬರುತ್ತಿದೆ ಅಂತ ಅನಿಸುತ್ತದೆ.

ಕಾರಿನ ಅನುಭವ ಚಿನ್ನದಷ್ಟು ಬೆಲೆ ಬಾಳುವುದು ಇಲ್ಲೇ. ಭಾವ ಆ ಸೀಟಿನಲ್ಲಿ ಕೂತಿದ್ದಾರೆ. ಮಳೆಯಲ್ಲಿ, ರಾತ್ರಿಯಲ್ಲಿ, ಹಿಂದಿನ ದೀಪದ ಬೆಳಕು ಕನ್ನಡಿಗೆ ಹೊಡೆಯುವಾಗ ಕಾರಿನೊಳಗಿಂದ ಎಷ್ಟು ಕಡಿಮೆ ಕಾಣುತ್ತದೆ ಅಂತ ಅವರಿಗೆ ಗೊತ್ತು. ಬೈಕಿನಿಂದ ಶುರು ಮಾಡಿದ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ನನಗೂ ಕಾರು ಕಲಿತ ಮೇಲೆಯೇ ಪೂರ್ತಿ ಅರ್ಥವಾಗಿದ್ದು. ಭಾವನ ಹಿಂದೆ ನನ್ನ ಬೈಕಿನಲ್ಲಿ ಹೋಗುವಾಗ ಗಮನಿಸಿದ್ದೇನೆ. ನಿಂತ ಕಾರಿನ ಮುಂದಿನ ಚಕ್ರ ಸ್ವಲ್ಪ ತಿರುಗಿದರೂ ಅವರು ವೇಗ ಇಳಿಸುತ್ತಾರೆ. ಪಕ್ಕದಲ್ಲಿ ನಿಲ್ಲಿಸಿದ ಕಾರಿನಲ್ಲಿ ತಲೆ ಕಂಡರೆ ಬಾಗಿಲು ತೆರೆಯಬಹುದು ಅಂತ ಜಾಗ ಬಿಡುತ್ತಾರೆ. ಮೂರು ಗಾಡಿ ಮುಂದಿನ ಬ್ರೇಕ್ ಲೈಟ್ ನೋಡಿ ಆಕ್ಸಿಲರೇಟರ್ ಬಿಡುತ್ತಾರೆ. ಲಾರಿಯ ಪಕ್ಕ ಅಪ್ಪಿತಪ್ಪಿಯೂ ನಿಲ್ಲುವುದಿಲ್ಲ. ಇದನ್ನೆಲ್ಲ ನಾನು ಕಲಿಸಿದ್ದಲ್ಲ. ಹೊಸದಾಗಿ ರಸ್ತೆಗೆ ಬಂದವರಿಗೆ ಇಷ್ಟು ಬರಬೇಕಾದರೆ ವರ್ಷಗಳು ಬೇಕು.

ಮುಂದಿನ ಗಾಡಿಗೂ ನಮಗೂ ಎರಡು ಸೆಕೆಂಡಿನ ಅಂತರ ಅನ್ನುವ ಲೆಕ್ಕವೂ ಹಾಗೇ ಉಪಯೋಗಕ್ಕೆ ಬರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತೇವೆ. ಎರಡು ಸೆಕೆಂಡು ಅಂದರೆ 33 ಮೀಟರಿನಷ್ಟು. ಕಲಿಯುವವರು ಇದನ್ನು ಇನ್ನೂ ಜಾಸ್ತಿ ಇಟ್ಟುಕೊಳ್ಳಲಿ. ಕೈ ಇನ್ನೂ ಬ್ರೇಕನ್ನು ಹುಡುಕುತ್ತಿರುತ್ತದೆ.

ರಸ್ತೆಯ ಮೈ ನೋಡುವ ರೂಢಿ ಮಾತ್ರ ಹೊಸದಾಗಿ ಬರಬೇಕು. ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಮ್ಮಿ ಒಂದು ಅಂಗೈಯಷ್ಟು, ಅಂಥವು ಎರಡು. ಒದ್ದೆಯಾದ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ತಿರುವಿನಲ್ಲಿ ಚೆಲ್ಲಿದ ಜಲ್ಲಿ, ಸಿಗ್ನಲ್ಲಿನ ಹತ್ತಿರ ಲೇನಿನ ನಡುವೆ ತೊಟ್ಟಿಕ್ಕಿದ ಆಯಿಲ್. ಕಾರಿನಲ್ಲಿ ಇವು ಲೆಕ್ಕಕ್ಕೇ ಇಲ್ಲ. ಲೇನಿನಲ್ಲಿ ಎಲ್ಲಿರಬೇಕು ಅನ್ನುವ ಪ್ರಶ್ನೆ ಕೂಡ ಕಾರಿನಲ್ಲಿ ಏಳುವುದಿಲ್ಲ, ಕಾರೇ ಲೇನನ್ನು ತುಂಬಿರುತ್ತದೆ. ಭಾವ ಮೊದಮೊದಲು ರಸ್ತೆ ಮಧ್ಯದ ಗೆರೆಗೆ ತೀರ ಹತ್ತಿರ ಹೋಗುತ್ತಿದ್ದರು. ಕಾರಿನಲ್ಲಿ ಅವರ ಸೀಟು ಇರುವುದು ಆ ಪಕ್ಕದಲ್ಲೇ ಅಲ್ವಾ, ಮೈಗೆ ಅದೇ ಅಭ್ಯಾಸ. ಎದುರಿನ ಗಾಡಿಗಳಿಂದ ದೂರ, ಅಂಚಿನ ಮಣ್ಣಿನಿಂದಲೂ ದೂರ, ಮುಂದಿನ ಕಾರಿನ ಕನ್ನಡಿಯಲ್ಲಿ ಕಾಣುವ ಹಾಗೆ. ಈ ಜಾಗ ರಸ್ತೆ ಬದಲಾದ ಹಾಗೆ ಬದಲಾಗುತ್ತಲೇ ಇರುತ್ತದೆ.

ತಿರುವಿನ ಬಗ್ಗೆ ಒಂದೇ ಮಾತು. ನಡಿಗೆಯ ವೇಗ ದಾಟಿದ ಮೇಲೆ ಬೈಕು ಎಡಕ್ಕೆ ಹೋಗಬೇಕಾದರೆ ಹ್ಯಾಂಡಲಿನ ಎಡಗಡೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಗಾಡಿ ಎಡಕ್ಕೆ ಬಾಗುತ್ತದೆ, ಎಡಕ್ಕೆ ತಿರುಗುತ್ತದೆ. ಸ್ಟೀರಿಂಗ್ ತಿರುಗಿಸಿದ ಕೈಗೆ ಇದು ಉಲ್ಟಾ ಅನಿಸುತ್ತದೆ. ಬ್ರೇಕಿನ ಕೆಲಸವನ್ನು ತಿರುವಿಗೆ ಮೊದಲೇ ಮುಗಿಸಿ, ಹೋಗಬೇಕಾದ ಕಡೆಗೇ ಕಣ್ಣಿಡಿ.

ಕಾರಿನ ಅನುಭವಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದರಲ್ಲಿ ಕಾನೂನುಗಳಿಗೂ ಒಮ್ಮತ ಇಲ್ಲ. ಇಟಲಿಯಲ್ಲಿ ಕಾರಿನ ಲೈಸೆನ್ಸ್ ಇದ್ದರೆ 125 ಸಿಸಿ ಬೈಕನ್ನೂ ಓಡಿಸಬಹುದು. ಫ್ರಾನ್ಸಿನಲ್ಲಿ 7 ಗಂಟೆಯ ತರಬೇತಿ ಬೇಕು. ಬ್ರಿಟನ್ನಿನಲ್ಲಿ ಕಾರಿನ ಲೈಸೆನ್ಸ್ ಇದ್ದರೂ 125 ಸಿಸಿ ಬೈಕನ್ನು ರಸ್ತೆಗಿಳಿಸುವ ಮೊದಲು ಕಡ್ಡಾಯ ತರಬೇತಿ ಮುಗಿಸಬೇಕು. ಭಾರತದಲ್ಲಿ ಬೈಕಿಗೆ ಬೇರೆಯೇ ವರ್ಗ, ಕಾರಿನ ಲೈಸೆನ್ಸ್ ನಡೆಯುವುದಿಲ್ಲ. ನನ್ನ ಓಟು ತರಬೇತಿ ಕೇಳುವ ಕಡೆಗೆ. ಭಾವನಷ್ಟು ಹುಷಾರಾದ ಚಾಲಕರ ಬಲಗಾಲನ್ನು ನೋಡಿದ ಮೇಲೆ ಬೇರೆ ಕಡೆ ಹಾಕಲಾರೆ.

ಕೊನೆಗೆ ಹಿಂದಿನ ಸೀಟು. ಕಲಿಯುವವರು ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು ಅನ್ನುವ ನಿಯಮ ಎಷ್ಟೋ ಕಡೆ ಇದೆ. ಕಾರಿನವರಿಗೆ ಇದು ವಿಚಿತ್ರ ಅನಿಸುತ್ತದೆ, ಕಾರಿನಲ್ಲಿ ಇನ್ನೊಬ್ಬರು ಕೂತರೆ ಏನೂ ಬದಲಾಗುವುದಿಲ್ಲವಲ್ಲ. ಬೈಕಿನಲ್ಲಿ ಆ ಭಾರ ಎತ್ತರದಲ್ಲಿ, ಹಿಂದೆ ಇರುತ್ತದೆ. ಬ್ರೇಕ್ ಹಿಡಿದಾಗ ನಮ್ಮ ಬೆನ್ನಿಗೆ ಬರುತ್ತದೆ. ತಿರುವಿನಲ್ಲಿ ಹಿಂದೆ ಕೂತವರು ಹೆದರಿ ಹೊರಗಡೆಗೆ ವಾಲಿದರೆ ಗಾಡಿಯೂ ಅತ್ತ ಎಳೆಯುತ್ತದೆ. ಅಕ್ಕನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರುತ್ತೇನೆ ಅಂತ ಭಾವ ಕೇಳುತ್ತಲೇ ಇದ್ದಾರೆ. "ನೀನೇ ಹೇಳಮ್ಮ, ನಿಮ್ಮಕ್ಕ ನನ್ನ ಕಾರಿನಲ್ಲಿ ಕೂತು ನಿದ್ದೆ ಮಾಡ್ತಾಳೆ, ಅಷ್ಟು ನಂಬಿಕೆ" ಅನ್ನುತ್ತಾರೆ. ಅಕ್ಕ ಮಾತ್ರ, ಮೊದಲು ಲೈಸೆನ್ಸ್ ಕೈಗೆ ಬರಲಿ, ಮುಂದಿನ ಬ್ರೇಕು ತಾನಾಗಿ ಹಿಡಿಯೋಕೆ ಬರಲಿ, ಆಮೇಲೆ ನೋಡೋಣ ಅಂದಿದ್ದಾಳೆ. ನಾನೂ ಅದನ್ನೇ ಹೇಳಿದ್ದೇನೆ.