ರಿ ಬಂದ ಭಾನುವಾರ

ದಸರಾ ಟೈಮಲ್ಲಿ ಮೈಸೂರು ಅರಮನೆ ಮುಂದೆ ಉದ್ದದ ಕೋಲಿಗೆ ಕೊಳಲು ಸಿಕ್ಕಿಸ್ಕೊಂಡು ಊದ್ತಾ ಊದ್ತಾ ಮಾರ್ತಿರ್ತಾರಲ್ಲ, ಅವರ ಹತ್ರ ಒಂದು ತಗೊಂಡೆ ನೋಡಿ, ಅಲ್ಲಿಂದ ಶುರುವಾಯ್ತು ಇದು. ಅವರ ಕೈಲಿ ಎಷ್ಟು ಸಲೀಸಾಗಿ ಹಾಡ್ತಿತ್ತು, ಮನೆಗೆ ತಂದು ನಾನು ಊದಿದ್ರೆ ಬರೀ ಗಾಳಿ. ಒಂದು ವಾರ ಬಿಡದೆ ಊದಿದೆ, ತಲೆ ಸುತ್ತು ಬಂದು ಗೋಡೆ ಹಿಡ್ಕೊಂಡು ಕೂತಿದ್ದೂ ಆಯ್ತು. ಆಮೇಲೆ ನಮ್ಮ ಬಡಾವಣೆಯಲ್ಲೇ ಕೊಳಲು ಹೇಳ್ಕೊಡೋ ಮೇಷ್ಟ್ರು ಇದ್ದಾರೆ ಅಂತ ಗೊತ್ತಾಗಿ ಅದನ್ನೇ ಹಿಡ್ಕೊಂಡು ಹೋದೆ. ಅವರು ಕೈಲಿ ತಗೊಂಡು ಆಚೆ ಈಚೆ ತಿರುಗಿಸಿ ನೋಡಿ, ಇದಕ್ಕೆ ಆರೇ ತೂತು ಇರೋದಮ್ಮ, ಕರ್ನಾಟಕ ಸಂಗೀತದ ಕೊಳಲಿಗೆ ಬೆರಳಿಡೋಕೆ ಎಂಟು ತೂತು, ಅದೂ ಅಲ್ದೆ ಇದು ಶ್ರುತಿಗೆ ನಿಲ್ಲಲ್ಲ ಅಂತ ಹೇಳಿ ತಮ್ಮ ಹತ್ರ ಇದ್ದ ಐದು ಕಟ್ಟೆ ಕೊಳಲು ಕೊಟ್ರು, ಕಟ್ಟೆ ಅಂದ್ರೆ ಶ್ರುತಿಯ ಅಳತೆ.

ಮೊದಲ ಮೂರು ವಾರ ಬೆರಳಿನ ಸುದ್ದಿನೇ ಇಲ್ಲ, ಬರೀ ಉಸಿರು. "ಅಷ್ಟು ಜೋರಾಗಿ ಊದ್ಬೇಡಿ, ಬಿಸಿ ಕಾಫಿ ಆರಿಸ್ಕೊಳ್ತೀರಲ್ಲ, ಅಷ್ಟು ಸಾಕು" ಅನ್ನೋರು. ಉಸಿರು ಹೋಗಿ ಊದೋ ತೂತಿನ ಆಚೆ ಅಂಚಿಗೆ ಬಡೀಬೇಕು, ಅಲ್ಲಿ ಸೀಳಿ ಒಂದು ಪಾಲು ಒಳಗೆ ಒಂದು ಪಾಲು ಹೊರಗೆ ಹೋಗ್ಬೇಕು, ತುಟಿ ಒಂದು ಅಕ್ಕಿಕಾಳಿನಷ್ಟು ಆಚೀಚೆ ಆದ್ರೂ ನಾದ ಸತ್ತೇ ಹೋಗತ್ತೆ. ಆದ್ರೆ ಅದು ಸರಿಯಾಗಿ ಕೂತ್ಕೊಂಡ ಗಳಿಗೆ ಇದ್ಯಲ್ಲ, ಆಗ ಕಿವಿಗಿಂತ ಮುಂಚೆ ಬೆರಳಿಗೇ ಗೊತ್ತಾಗತ್ತೆ, ತೂತು ಮುಚ್ಚಿರೋ ಬೆರಳ ಕೆಳಗೆ ಬಿದಿರು ಜುಮ್ ಅನ್ನತ್ತೆ. ಮೊದಲನೇ ಸಲ ಹಾಗಾದಾಗ ನಾನು ಹೆದರಿ ಕೊಳಲು ಬಾಯಿಂದ ತೆಗೆದುಬಿಟ್ಟಿದ್ದೆ.

ಕಷ್ಟ ಶುರುವಾಗಿದ್ದು ಸರಳೆ ವರಸೆಗೆ, ಅಂದ್ರೆ ಸ ರಿ ಗ ಮದ ಮೊದಲ ಪಾಠಕ್ಕೆ ಬಂದಾಗ. ಸರಳೆ, ಅದಾದ್ಮೇಲಿನ ಜಂಟಿ ಎಲ್ಲ ಮಾಯಾಮಾಳವಗೌಳ ರಾಗದಲ್ಲೇ ಕಲಿಯೋದು, ಪುರಂದರದಾಸರು ಹಾಕ್ಕೊಟ್ಟ ದಾರಿ ಅಂತಾರೆ. ಹಾಡೋರಿಗೆ ಅದು ಸರಿ, ಆದ್ರೆ ಕೊಳಲಿನ ತೂತುಗಳನ್ನ ಸುಮ್ನೆ ಒಂದೊಂದಾಗಿ ಬಿಡ್ತಾ ಹೋದ್ರೆ ಬರೋದು ಹರಿಕಾಂಭೋಜಿ ಅನ್ನೋ ಬೇರೆ ರಾಗ. ಮೊದಲ ಎರಡು ತೂತು ಮುಚ್ಚಿದ್ರೆ ಸ, ಒಂದೇ ಮುಚ್ಚಿದ್ರೆ ದೊಡ್ಡ ರಿ, ಎಲ್ಲಾ ಬಿಟ್ರೆ ಗ. ಗ ನುಡಿಸುವಾಗ ಕೊಳಲು ಹೆಬ್ಬೆರಳಿನ ಮೇಲೂ ಗಲ್ಲದ ಮೇಲೂ ನಿಂತಿರೋದು ಅಷ್ಟೇ, ಜಾರಿ ಬಿದ್ರೆ ಗತಿ ಏನು ಅಂತ ಭಯ ಆಗತ್ತೆ. ನಮಗೆ ಬೇಕಾಗಿದ್ದು ಅದಕ್ಕಿಂತ ಕೆಳಗಿನ ಸಣ್ಣ ರಿ, ಶುದ್ಧ ರಿಷಭ. ಅದಕ್ಕೆ ಎರಡನೇ ತೂತು ಅರ್ಧ ಮುಚ್ಚಿರ್ಬೇಕು ಅರ್ಧ ತೆಗೆದಿರ್ಬೇಕು. ಅರ್ಧ ಅಂದ್ರೆ ಎಷ್ಟು? ಅದಕ್ಕೆ ಗುರುತಿಲ್ಲ. ಕೊಳಲು ಬಾಯಲ್ಲಿಟ್ಮೇಲೆ ಬೆರಳೂ ಕಾಣಲ್ಲ. ನಾನು ಕನ್ನಡಿ ಮುಂದೆ ನಿಂತು ನೋಡ್ಕೊಂಡು ನುಡಿಸ್ತೀನಿ ಅಂದಾಗ ಮೇಷ್ಟ್ರು ಬೇಡ ಅಂದ್ರು. ಕೊಳಲನ್ನ ಸಂಗೀತ ಕಛೇರಿಗೆ ತಂದ ಶರಭ ಶಾಸ್ತ್ರಿಗಳಿಗೆ ಕಣ್ಣೇ ಕಾಣ್ತಿರ್ಲಿಲ್ಲ, ಕುಂಭಕೋಣದವರು, 1904ರಲ್ಲಿ ತೀರ್ಕೊಂಡಾಗ ಮೂವತ್ತು ದಾಟಿತ್ತು ಅಷ್ಟೇ, ಅವರು ಯಾವ ಕನ್ನಡಿ ನೋಡಿದ್ರು ಹೇಳಿ ಅಂದ್ರು. ಅವತ್ತಿಂದ ಕಣ್ಣು ಮುಚ್ಕೊಂಡೇ ಅಭ್ಯಾಸ.

ಆದ್ರೂ ರಿ ಬರ್ಲಿಲ್ಲ. ಒಂದು ತಿಂಗಳು ಬರ್ಲಿಲ್ಲ. ಬಿಟ್ಬಿಡೋಣ ಅಂತ ನಿಜವಾಗ್ಲೂ ಅನ್ಸಿತ್ತು, ನಲವತ್ತಾರಕ್ಕೆ ಕಲಿಯೋ ವಿದ್ಯೆ ಅಲ್ವೇನೋ ಇದು ಅಂತ ರಾತ್ರಿ ಎಲ್ಲ ಯೋಚನೆ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಚಳಿ ಅಂದ್ರೆ ಚಳಿ, ತುಟಿ ಒಡೆದಿತ್ತು. ಫೋನಲ್ಲಿ ಶ್ರುತಿ ಹಾಕ್ಕೊಂಡು ಕೂತೆ, ಕೊಳಲು ತಣ್ಣಗಿದ್ದಾಗ ಶ್ರುತಿ ಕೆಳಗಿರತ್ತೆ, ಅದಕ್ಕೆ ಸ್ವಲ್ಪ ಹೊತ್ತು ಬೆಚ್ಚಗಿನ ಉಸಿರು ಬಿಟ್ಟು ಬಿಟ್ಟು ಕಾಯಿಸ್ಕೊಂಡೆ. ಪಕ್ಕದಲ್ಲಿ ನಮ್ಮತ್ತೆ ಹಿಂದಿನ ರಾತ್ರಿ ನೆನೆಸಿದ್ದ ಅವರೆಕಾಳು ಇಟ್ಕೊಂಡು ಹಿದುಕ್ತಾ ಇದ್ರು. ನಾನು ಸ ರಿ, ಸ ರಿ ಅಂತ ಹತ್ತು ಹದಿನೈದು ಸಲ ನುಡಿಸಿರ್ಬೇಕು, ತಲೆ ಎತ್ತದೇನೇ ಅತ್ತೆ ಅಂದ್ರು, "ನಿನ್ನ ರಿ ಮೇಲಿದೆ ಕಣೇ. ಅದು 'ಸ'ಗೆ ಅಂಟ್ಕೊಂಡಂಗೆ ಇರ್ಬೇಕು." ಹೇಳಿ ಹಾಡಿದ್ರು, ಸ, ರಿ. ಎಪ್ಪತ್ತನಾಲ್ಕು ವರ್ಷದ ಗಂಟಲು, ಒಂಚೂರು ನಡುಗ್ತು, ಆದ್ರೆ ರಿ ಮಾತ್ರ ಎಲ್ಲಿ ನಿಲ್ಬೇಕೋ ಅಲ್ಲೇ ನಿಲ್ತು. ಮದುವೆಯಾಗಿ ಇಪ್ಪತ್ತು ವರ್ಷ ಈ ಮನೇಲಿದ್ದೀನಿ, ಅವರು ಹಾಡಿದ್ದು ನಾನು ಕೇಳೇ ಇರ್ಲಿಲ್ಲ. ಚಿಕ್ಕವರಿದ್ದಾಗ ಹಾಸನದಲ್ಲಿ ಸಂಗೀತ ಪಾಠ ಗೀತೆವರೆಗೂ ಆಗಿತ್ತಂತೆ, ಮದುವೆ ಆಯ್ತು, ನಿಂತೋಯ್ತು. ಅಷ್ಟೇ ಹೇಳಿದ್ದು, ಮತ್ತೆ ಅವರೆಕಾಳಿಗೆ ಕೈ ಹಾಕಿದ್ರು.

ಮತ್ತೆ ನುಡಿಸಿದೆ. "ಬೆರಳು ಯಾಕೆ ಎತ್ತೀಯ, ಸ್ವಲ್ಪ ಜಾರಿಸಿದ್ರಾಗಲ್ವಾ" ಅಂದ್ರು. ಅವರ ಬೆರಳು ನೋಡಿದೆ, ಕಾಳನ್ನ ಹಿಚುಕ್ತಾ ಇರ್ಲಿಲ್ಲ, ಹೆಬ್ಬೆರಳ ಮೆತ್ತನೆ ಭಾಗದಿಂದ ಹಾಗೇ ಒತ್ತಿ ಜಾರಿಸೋರು, ಬೇಳೆ ತಾನಾಗೇ ಸಿಪ್ಪೆ ಬಿಟ್ಟು ಪುಳಕ್ಕಂತ ಆಚೆ ಬರ್ತಿತ್ತು. ಮೇಷ್ಟ್ರು ಉರುಳಿಸಿ ಉರುಳಿಸಿ ಅಂತ ತಿಂಗಳಿಂದ ಹೇಳ್ತಿದ್ದಿದ್ದು ಇದನ್ನೇ. ಕಣ್ಣು ಮುಚ್ಚಿ ಸ ಹಿಡಿದು ಎರಡನೇ ಬೆರಳನ್ನ ಎತ್ತದೆ ಸುಮ್ನೆ ನನ್ನ ಕಡೆಗೆ ಹೊರಳಿಸಿದೆ, ಉಸಿರು ಒಂದು ಎಳೆ ಕಮ್ಮಿ ಮಾಡಿದೆ.

ರಿ ಬಂತು.

"ಹ್ಞಾ, ಇದು. ಇನ್ನೊಂದ್ಸಲ" ಅಂದ್ರು ಅತ್ತೆ. ಇನ್ನೊಂದ್ಸಲ, ಮತ್ತೊಂದ್ಸಲ, ಬೆರಳು ಮರೆಯೋ ಮುಂಚೆ ಎಷ್ಟು ಸಲ ಆಗತ್ತೋ ಅಷ್ಟು ಸಲ. ಆಮೇಲೆ ಅವರೇ ತೊಡೆ ಮೇಲೆ ಆದಿತಾಳ ಹಾಕ್ಕೊಂಡು ಸ ರಿ ಗ ಮ ಪ ದ ನಿ ಸ ಅಂತ ಮೊದಲನೇ ಕಾಲ ಮುಗಿಸಿ ಎರಡನೇ ಕಾಲಕ್ಕೆ ಹೋದ್ರು, ಬೆರಳಲ್ಲಿ ಅವರೆ ಸಿಪ್ಪೆ ಅಂಟಿತ್ತು. ನನಗೆ ಆ ವೇಗಕ್ಕೆ ಹೋಗಕ್ಕಾಗ್ಲಿಲ್ಲ, ಕೊಳಲು ಮಡಿಲಲ್ಲಿಟ್ಕೊಂಡು ಕೇಳ್ತಾ ಕೂತೆ.

ಮುಗಿಸಿ, "ದ ಕೂಡ ಹಿಂಗೇ ಸಣ್ಣದು, ಅದನ್ನ ನಾಳೆ ನೋಡೋಣ. ಈಗ ಈ ಬೇಳೆ ತೊಳ್ಕೊಂಡು ಬಾ" ಅಂತ ಪಾತ್ರೆ ನನ್ನ ಕಡೆ ತಳ್ಳಿದ್ರು.