ಅವಳ ಸುಖ ಅವಳದೇ: ಪಾಪ್ ಆರ್ಟ್‌ನಲ್ಲಿ ಹೆಣ್ಣನ್ನು ಬರೆಯುವಾಗ

ದಿನಬಳಕೆಯ ಜನಪ್ರಿಯ ಚಿತ್ರಗಳನ್ನೇ ಕಲೆಯಾಗಿಸಿದ ಪಾಪ್ ಆರ್ಟ್ ಹೆಣ್ಣಿನ ಮೈಯನ್ನು ಜಾಹೀರಾತಿನಿಂದ ಎತ್ತಿಕೊಂಡು, ಬಹಳ ಸಲ ಹಾಗೇ ಇಟ್ಟುಬಿಡುತ್ತಿತ್ತು. ಬೆಲ್ಜಿಯಂನ ಕಲಾವಿದೆ ಎವೆಲಿನ್ ಆಕ್ಸೆಲ್ 1964ರಲ್ಲಿ ‘ಐಸ್ ಕ್ರೀಮ್’ ಚಿತ್ರ ಬರೆದಾಗ ಬಣ್ಣವೇನೋ ಅದೇ ಗಾಢ ಬಣ್ಣ. ಸುಖ ಮಾತ್ರ ಚಿತ್ರದೊಳಗಿನ ಹೆಂಗಸಿನದು. ಕಣ್ಣು ಮುಚ್ಚಿ, ತನ್ನ ಪಾಡಿಗೆ ತಾನು ಕೋನ್ ನೆಕ್ಕುತ್ತಿದ್ದಾಳೆ.

ಇಂಥ ಚಿತ್ರದಲ್ಲಿ ಮೊದಲು ತೀರ್ಮಾನವಾಗಬೇಕಾದ್ದು ನೋಟ. ಕಣ್ಣು ನೋಡುವವರನ್ನು ದಿಟ್ಟಿಸಬೇಕು, ಇಲ್ಲವೇ ತನ್ನಲ್ಲೇ ಮುಳುಗಿರಬೇಕು. ನಾಚಿಕೆಯ ಓರೆನೋಟ ಬಂತೋ, ಮತ್ತೆ ಕ್ಯಾಲೆಂಡರ್ ಚಿತ್ರವೇ. ಮುಖ ಕತ್ತರಿಸಿ ಸೊಂಟ, ತುಟಿಗಳನ್ನಷ್ಟೇ ಬರೆದರೆ ಗೌರವದ ಮಾತು ಅಲ್ಲಿಗೇ ಮುಗಿಯಿತು.

ಕ್ಯಾನ್ವಾಸ್‌ಗೆ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ) 2–3 ಪದರ ಬಳಿದು, ಒಣಗಿದ ಮೇಲೆ ನುಣುಪು ಉಪ್ಪುಕಾಗದದಿಂದ ಉಜ್ಜಿ. ಅಕ್ರಿಲಿಕ್ ಹಳದಿ, ಗುಲಾಬಿಗಳು ಒಂದೇ ಪದರದಲ್ಲಿ ಕೂರುವುದಿಲ್ಲ. ತೆಳ್ಳಗೆ ಮೂರು ಸಲ ಬಳಿಯಬೇಕು. ಒಮ್ಮೆಗೇ ದಪ್ಪ ಬಳಿದರೆ ಕುಂಚದ ಗೆರೆ ಎದ್ದು ಕಾಣುತ್ತದೆ. ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದ ಮೇಲೆ, ಮೊದಲು ಕೆಳಗಿರುವ ಬಣ್ಣವನ್ನೇ ಟೇಪಿನ ಅಂಚಿನುದ್ದಕ್ಕೂ ಒಂದು ಕೈ ಎಳೆಯಿರಿ. ಸಂದಿ ಮುಚ್ಚಿಕೊಳ್ಳುತ್ತದೆ, ಹೊಸ ಬಣ್ಣ ಒಳಗೆ ಸೋರುವುದಿಲ್ಲ.

ಪಾಪ್ ಆರ್ಟ್‌ನಲ್ಲಿ ಕಾಣುವ, ಕಾಮಿಕ್ಸ್ ಮುದ್ರಣದಂಥ ಚುಕ್ಕಿಗಳಿಗೆ ತೂತಿನ ಸ್ಟೆನ್ಸಿಲ್, ಸ್ಪಂಜು ಸಾಕು. ಬಣ್ಣ ನೀರಾಗಿದ್ದರೆ ಸ್ಟೆನ್ಸಿಲ್ ಅಡಿಗೆ ನುಗ್ಗಿ ಚುಕ್ಕಿಗಳೆಲ್ಲ ಕಲೆಗಳಾಗುತ್ತವೆ. (ಮೈತುಂಬ ಚುಕ್ಕಿ ಇಡುವ ಚಟ ನನಗೆ ಹಿಡಿಸದು; ಹಿನ್ನೆಲೆಯಲ್ಲಿದ್ದರೆ ಚೆಂದ.) ಕಪ್ಪು ಗೆರೆ ಕೊನೆಗೆ. ಬಾಯಿಯ ಸುತ್ತ ಮಾತ್ರ ಅದನ್ನು ತೆಳುವಾಗಿಸಿ. ಅಲ್ಲಿ ದಪ್ಪವಾದರೆ ನಗು ಬೊಂಬೆಯದಾಗುತ್ತದೆ.